ಹೊಸ ನಾಳಗಳ ಜಾಡಿನಲ್ಲಿ

ಬೆಳೆಗೆ ಹಾಯಿಸಿದ ನೀರನ್ನೇ ಕುಡಿದು ಕಳೆಯೂ ಕೊಬ್ಬುತ್ತದೆ. ಮಾನವ ದೇಹದಲ್ಲಿಯೂ ಇಂತಹುದೇ ಒಂದು ವಿಚಿತ್ರವುಂಟು. ಗಾಯ ಮಾಯುವಾಗ, ಗರ್ಭದಲ್ಲಿ ಶಿಶು ಬೆಳೆಯುವಾಗ ಹೊಸ ರಕ್ತನಾಳಗಳು ಚಿಗುರುತ್ತವೆ. ಕಾರ್ಯ ಮುಗಿದೊಡನೆ ಆ ಚಿಗುರು ನಿಲ್ಲುತ್ತದೆ. ಆದರೆ ಕ್ಯಾನ್ಸರ್ ಈ ಸಹಜ ಶಕ್ತಿಯನ್ನೇ ತನ್ನ ಪೋಷಣೆಗೆ ಬಳಸಿಕೊಳ್ಳುತ್ತದೆ.

ಇದನ್ನು ಮನಗಂಡವರು ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್. ಹೊಸ ನಾಳಗಳು ದೊರೆಯದಿದ್ದರೆ ಗಡ್ಡೆಯು ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಬೆಳೆಯಲಾರದು. ನಾಳಗಳನ್ನು ತಡೆದರೆ ರೋಗವನ್ನೂ ತಡೆಯಬಹುದು ಎಂದು ಅವರು 1971ರಲ್ಲಿ ಪ್ರತಿಪಾದಿಸಿದರು. ಅನೇಕ ವಿಜ್ಞಾನಿಗಳು ಇದನ್ನು ನಂಬಲಿಲ್ಲ. ಫೋಕ್‌ಮನ್ ಎದೆಗುಂದಲಿಲ್ಲ.

ರಕ್ತದ ಕ್ಯಾನ್ಸರಿಗೆ ಈ ಮಾತು ಅನ್ವಯಿಸದೆಂದು ಬಹುಕಾಲ ಭಾವಿಸಲಾಗಿತ್ತು. ರಕ್ತದಲ್ಲಿಯೇ ತೇಲುವ ಜೀವಕೋಶಗಳಿಗೆ ಹೊಸ ನಾಳಗಳ ಹಂಗೇಕೆ? ಆದರೆ ಆ ಕೋಶಗಳ ತವರು ಮೂಳೆಯೊಳಗಿನ ಮಜ್ಜೆ. ಮಲ್ಟಿಪಲ್ ಮೈಲೋಮ ಎಂಬ ಕ್ಯಾನ್ಸರಿಗೆ ತುತ್ತಾದವರ ಮಜ್ಜೆಯಲ್ಲಿ ನಾಳಗಳು ದಟ್ಟವಾಗಿರುವುದನ್ನು 1994ರಲ್ಲಿ ಇಟಲಿಯ ಸಂಶೋಧಕರು ತೋರಿಸಿದರು. 1997ರಲ್ಲಿ ಫೋಕ್‌ಮನ್ ಮತ್ತು ಸಂಗಡಿಗರು ಲ್ಯುಕೇಮಿಯಾ ಪೀಡಿತ ಮಕ್ಕಳ ಮಜ್ಜೆಯಲ್ಲಿಯೂ ಅದನ್ನೇ ಕಂಡರು. ಕ್ಯಾನ್ಸರ್ ಕೋಶಗಳು ಸ್ರವಿಸುವ ಪ್ರೋಟೀನುಗಳು ನಾಳಗಳನ್ನು ಚಿಗುರಿಸುತ್ತವೆ. ನಾಳದ ಗೋಡೆಯ ಕೋಶಗಳು ಪ್ರತಿಯಾಗಿ ಕ್ಯಾನ್ಸರಿಗೆ ಆಸರೆಯಾಗುತ್ತವೆ.

ಇದಕ್ಕೆ ಮದ್ದು ದೊರೆತದ್ದು ಅನಿರೀಕ್ಷಿತ ಮೂಲದಿಂದ. ಥ್ಯಾಲಿಡೊಮೈಡ್ ಎಂಬ ಔಷಧ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದಿತು. ಅದನ್ನು ಸೇವಿಸಿದ ಗರ್ಭಿಣಿಯರಿಗೆ ಕೈಕಾಲು ಬೆಳೆಯದ ಸಾವಿರಾರು ಶಿಶುಗಳು ಜನಿಸಿದವು. 1961ರಲ್ಲಿ ಅಲ್ಲಿ ಅದರ ಮಾರಾಟ ನಿಂತಿತು. ಈ ಶಾಪಗ್ರಸ್ತ ಔಷಧವು ಹೊಸ ನಾಳಗಳನ್ನು ತಡೆಯುವುದೆಂದು 1994ರಲ್ಲಿ ಫೋಕ್‌ಮನ್ನರ ಪ್ರಯೋಗಾಲಯದಲ್ಲಿ ತಿಳಿದುಬಂದಿತು. ಮುಂದೆ ಮೈಲೋಮ ರೋಗಿಯೊಬ್ಬರ ಪತ್ನಿ ದಾರಿ ಕಾಣದೆ ಫೋಕ್‌ಮನ್ನರನ್ನು ವಿಚಾರಿಸಿದಾಗ, ಇದನ್ನು ಪ್ರಯೋಗಿಸಿ ನೋಡಬಹುದೆಂದು ಅವರು ಸೂಚಿಸಿದರು. ಆಕೆಯ ಪತಿ ಉಳಿಯಲಿಲ್ಲ. ಆದರೆ ಆಕೆಯ ಹಟ ವ್ಯರ್ಥವಾಗಲಿಲ್ಲ. ಅರ್ಕನ್ಸಾ ವಿಶ್ವವಿದ್ಯಾಲಯದ ವೈದ್ಯರು 84 ರೋಗಿಗಳಿಗೆ ಈ ಔಷಧ ಕೊಟ್ಟರು. ಸುಮಾರು ಮೂರನೆಯ ಒಂದು ಭಾಗದವರಲ್ಲಿ ರೋಗ ಇಳಿಮುಖವಾಯಿತೆಂದು 1999ರಲ್ಲಿ ಪ್ರಕಟಿಸಿದರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಈ ಔಷಧ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವುದೆಂದು 2010ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಆ ಮಾರ್ಗದಿಂದ ಅದು ಮೈಲೋಮ ಕೋಶಗಳನ್ನು ನೇರವಾಗಿಯೇ ಕೊಲ್ಲುವುದೆಂದು ಅನಂತರ ತಿಳಿಯಿತು. ನಾಳಗಳನ್ನು ತಡೆಯುವುದು ಅದರ ಕಾರ್ಯದ ಒಂದು ಭಾಗ ಮಾತ್ರ. 2008ರಲ್ಲಿಯೇ ನಿಧನರಾಗಿದ್ದ ಫೋಕ್‌ಮನ್ ಇದನ್ನು ಅರಿಯದೆ ಹೋದರು. ಅವರ ಊಹೆ ಪೂರ್ಣ ಸತ್ಯವಾಗಿರಲಿಲ್ಲ. ಆದರೆ ರೋಗಿಗಳಿಗೆ ಹೊಸ ದಾರಿಯನ್ನು ತೆರೆದದ್ದು ಆ ಊಹೆಯೇ. ತನ್ನ ಉತ್ತರಗಳನ್ನು ತಾನೇ ತಿದ್ದಿಕೊಳ್ಳುತ್ತ ಸಾಗುವುದೇ ವಿಜ್ಞಾನದ ಹಿರಿಮೆ.