ಅಮೀರ್‌ಬಾಯಿ ಹಾಡಿಗೆ ಎಷ್ಟು ವಾಟ್ ಬೇಕು?

ಜಮಖಂಡಿಯ ಯಾವ ಅಂಗಡಿಯಲ್ಲಾದರೂ ಸ್ಪೀಕರ್ ಕೇಳಿ, ಮೊದಲು ಕಣ್ಣಿಗೆ ಬೀಳುವುದು ಡಬ್ಬಿಯ ಮೇಲಿನ ದೊಡ್ಡ ಅಂಕಿ: 5,000 ವಾಟ್, 10,000 ವಾಟ್, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪಿಎಂಪಿಒ. ಅಡುಗೆಮನೆಯ ಮಿಕ್ಸರ್ ಎಳೆಯುವುದೇ 500 ವಾಟ್. ಅಂಥದೇ ಪ್ಲಗ್ಗಿಗೆ ಹಾಕುವ ಪೆಟ್ಟಿಗೆ 10,000 ವಾಟ್ ಎಲ್ಲಿಂದ ತಂದೀತು? ಪಿಎಂಪಿಒ ಅಳೆಯಲು ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಎಡೆಬಿಡದೆ ಎಷ್ಟು ಶಕ್ತಿ ಎಂದು ಹೇಳುವ ಆರ್‌ಎಂಎಸ್ ವಾಟ್ ಬರೆದಿಲ್ಲದ ಡಬ್ಬಿಯನ್ನು ನಾನು ಕೈಯಲ್ಲಿ ಹಿಡಿಯುವುದೂ ಇಲ್ಲ.

ಆದರೆ ದುಡ್ಡು ಉಳಿಸುವ ಅಂಕಿ ಬೇರೆಯೇ ಇದೆ. ಅದರ ಹೆಸರು ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬ ಲೆಕ್ಕ ಅದು. ಮೂರು ಡೆಸಿಬಲ್ ಹೆಚ್ಚಿದ್ದರೆ ಅರ್ಧ ವಾಟಿನಲ್ಲೇ ಅಷ್ಟೇ ಸದ್ದು. ನನ್ನ ಹಳೆಯ ಆಂಪ್ಲಿಫೈಯರ್ ಒಂದು ಬದಿಗೆ ಕೊಡುವುದು 20 ವಾಟ್. ಅದಕ್ಕೆ 88 ಡೆಸಿಬಲ್ಲಿನ ಸ್ಪೀಕರ್ ಜೋಡಿಸಿದರೆ, 85 ಡೆಸಿಬಲ್ಲಿನ ಸ್ಪೀಕರಿಗೆ 40 ವಾಟಿನ ಆಂಪ್ಲಿಫೈಯರ್ ಕೊಂಡಷ್ಟೇ ಫಲ. ಹೊಸ ಆಂಪ್ಲಿಫೈಯರಿನ ಖರ್ಚು ಅಲ್ಲೇ ಉಳಿಯಿತು. ಒಂದು ಎಚ್ಚರಿಕೆ: ಕೆಲವು ಕಂಪನಿಗಳು ಒಂದು ವಾಟ್ ಎನ್ನದೆ 2.83 ವೋಲ್ಟ್ ಎಂದು ಬರೆಯುತ್ತವೆ. ಸ್ಪೀಕರ್ 8 ಓಮ್ ಆಗಿದ್ದರೆ ಎರಡೂ ಒಂದೇ. 4 ಓಮ್ ಆಗಿದ್ದರೆ ಆ ವೋಲ್ಟಿಗೆ ಎರಡು ವಾಟ್ ಹೋಗುತ್ತದೆ, ಹಾಗಾಗಿ ಬರೆದ ಅಂಕಿಯಿಂದ ಮೂರು ಕಳೆದು ನೋಡಬೇಕು. 8 ಓಮಿಗೆಂದು ಮಾಡಿದ ಹಳೆಯ ಆಂಪ್ಲಿಫೈಯರ್ 4 ಓಮ್ ಸ್ಪೀಕರಿನಿಂದ ಬಿಸಿಯಾಗಿ ಕೆಟ್ಟರೆ ಆ ರಿಪೇರಿಯೂ ನಮ್ಮ ಜೇಬಿನದೇ.

ಇನ್ನು ಕೇಳುವುದು ಏನನ್ನು? ಅಮೀರ್‌ಬಾಯಿ ಕರ್ನಾಟಕಿ ನಮ್ಮ ಬೀಳಗಿಯವರು. 1943ರ ‘ಕಿಸ್ಮತ್’ ಚಿತ್ರದ ಅವರ ಹಾಡುಗಳು ದೇಶವನ್ನೇ ಸುತ್ತಿದವು. ಆ ಕಾಲದ 78 ಆರ್‌ಪಿಎಂ ತಟ್ಟೆಯಲ್ಲಿ ಆಳವಾದ ಬೇಸ್ ದಾಖಲಾಗಿಯೇ ಇಲ್ಲ. ಇರುವುದೆಲ್ಲ ನಡುವಿನ ಸ್ವರಗಳಲ್ಲಿ. ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತವೂ ಹೆಚ್ಚುಕಡಿಮೆ ಹಾಗೆಯೇ: ಕಂಠ, ಹಾರ್ಮೋನಿಯಂ, ತಬಲಾ, ತಾಳ. ಅಂಗಡಿಯವರು ನನಗೆ, “ಸರ್, ಇದರಾಗ ಸಬ್‌ವೂಫರ್ ಐತ್ರಿ, ಮನಿ ನಡಗತೈತಿ” ಎಂದರು. “ಮನಿ ನಡಗೂದ ಬ್ಯಾಡ್ರಿ, ಹಾಡಿನ ಮಾತ ತಿಳೀಬೇಕು” ಎಂದೆ. ಐದಾರು ಇಂಚಿನ ವೂಫರ್ ಇರುವ ಒಳ್ಳೆಯ ಒಂದು ಜೋಡಿ ಸಾಕು. ಅದೇ ದುಡ್ಡನ್ನು ಆರು ಪೆಟ್ಟಿಗೆಯ 5.1 ಸೆಟ್ಟಿಗೆ ಸುರಿದರೆ ಪ್ರತಿ ಪೆಟ್ಟಿಗೆಗೆ ಸಿಗುವುದು ಅಗ್ಗದ ಕೋನ್. ಕರಡಿ ಮಜಲು, ಡೊಳ್ಳು ಹೆಚ್ಚಾಗಿ ಕೇಳುವವರ ಮಾತು ಬೇರೆ, ಅವರು ಎಂಟು ಇಂಚಿನದು ನೋಡಲಿ.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹಗಲೆಲ್ಲ ಮಗ್ಗದ ಸದ್ದು. ಅದನ್ನು ಮೀರಿಸಲೆಂದು ದೊಡ್ಡ ಸ್ಪೀಕರ್ ತರುವವರಿದ್ದಾರೆ. ಹತ್ತು ಡೆಸಿಬಲ್ ಏರಿಸಲು ಹತ್ತು ಪಟ್ಟು ವಾಟ್ ಬೇಕು. ಆ ಓಟದಲ್ಲಿ ದುಡ್ಡೇ ಮೊದಲು ಸೋಲುತ್ತದೆ. ಮಗ್ಗ ನಿಂತ ರಾತ್ರಿ ಹೊತ್ತಿಗೆ ಸಣ್ಣ ಕೋಣೆಯಲ್ಲಿ ಒಂದು ವಾಟೂ ಧಾರಾಳ.

ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಸದ್ದನ್ನು ತಾವೇ ಹೀರಿಕೊಳ್ಳುತ್ತಿದ್ದವು. ಆರ್‌ಸಿಸಿ ಮನೆ, ಟೈಲ್ಸ್ ನೆಲ, ಬರಿ ಗೋಡೆ ಇದ್ದರೆ ದುಬಾರಿ ಸ್ಪೀಕರೂ ಕರ್ಕಶ. ಅವ್ವ ಹೊಲಿದ ಕೌದಿಯನ್ನು ಸ್ಪೀಕರಿನ ಮುಂದೆ ಹಾಸಿ, ಪೆಟ್ಟಿಗೆಗಳನ್ನು ಮೂಲೆಯಿಂದ ಎಳೆದು, ಟ್ವೀಟರ್ ಕಿವಿಯ ಎತ್ತರಕ್ಕೆ ಬರುವಂತೆ ಇಟ್ಟಾಗ ನನಗೆ ಕಂಡ ವ್ಯತ್ಯಾಸ ಬಹಳ ದೊಡ್ಡದು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಹೊಸ ಸ್ಪೀಕರ್ ಬೇಕೋ ಬೇಡವೋ ಎಂದು ಇದನ್ನು ಮಾಡಿ ನೋಡಿದ ಮೇಲೆ ತೀರ್ಮಾನಿಸಿ. ವೈರಿಗೂ ಹೆಚ್ಚು ಕೊಡಬೇಡಿ. ಮನೆ ವೈರಿಂಗಿನ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಐದು ಮೀಟರ್ ಎಳೆದರೂ, ಹೋಗಿ ಬರುವ ದಾರಿಯ ಒಟ್ಟು ತಡೆ ಸುಮಾರು 0.12 ಓಮ್. 8 ಓಮಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಹಳೆಯದು ಕೊಳ್ಳುವುದಾದರೆ ಮುಂದಿನ ಜಾಲರಿ ತೆಗೆಸಿ ಕೋನಿನ ಅಂಚು ನೋಡಿ. ಫೋಮ್ ಅಂಚು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ಕೋನನ್ನು ಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿದಾಗ ಒಳಗೆ ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ ಎಂದರ್ಥ, ಬಿಟ್ಟುಬಿಡಿ.

ಕ್ರೆಡಿಟ್ ಕಾರ್ಡಿನ ‘ನೋ ಕಾಸ್ಟ್ ಇಎಂಐ’ ಬಗ್ಗೆ ಒಂದು ಮಾತು. ಅಲ್ಲಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಮಾರುವವರು ಅಷ್ಟನ್ನು ರಿಯಾಯಿತಿಯಾಗಿ ಕಳೆದು ತೋರಿಸುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಮ್ಮ ತಲೆಗೇ, ಎಷ್ಟೋ ಸಲ ಪ್ರೊಸೆಸಿಂಗ್ ಶುಲ್ಕವೂ. ಶೂನ್ಯ ಬಡ್ಡಿಯ ಇಂಥ ಯೋಜನೆಗಳಲ್ಲಿ ನಿಜವಾದ ಬಡ್ಡಿ ಮರೆಯಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಆಕ್ಷೇಪಿಸಿತ್ತು. ನಗದು ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಮೊದಲು ಕೇಳಿ. ನಾನು ಪ್ರತಿ ತಿಂಗಳು ಅಷ್ಟಿಷ್ಟು ಎತ್ತಿಟ್ಟು, ಕೂಡಿದ ಮೇಲೆಯೇ ಹೋದೆ. ಚೌಕಾಸಿ ಮಾಡಲು ಧೈರ್ಯ ಬಂದದ್ದು ಅದರಿಂದ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಅಂಗಡಿಕಾರರಲ್ಲಿ ನನ್ನದೊಂದು ಕೋರಿಕೆ ಇದೆ. ಡಬ್ಬಿ ತೋರಿಸಿ ಮಾರುವುದರ ಜೊತೆಗೆ ಒಂದು ಜೋಡಿಯನ್ನಾದರೂ ಬಿಚ್ಚಿ ಜೋಡಿಸಿಡಿ. ಗಿರಾಕಿ ತನ್ನ ಹಾಡನ್ನು ಮೊಬೈಲಿನಲ್ಲಿ ತಂದು, ಕುಳಿತು, ಹತ್ತು ನಿಮಿಷ ಕೇಳಲಿ.