ಆಪರೇಶನ್‌ಗೆ ಮೊದಲು ಕೃಷಿಕರು ಹೇಳಲೇಬೇಕಾದ ಮಾತು



ಆಪರೇಶನ್‌ಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರರು ಬಂದು ಹಲವು ಪ್ರಶ್ನೆಗಳನ್ನು ಕೇಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು "ಏನೂ ತೊಂದರೆ ಇಲ್ಲ ಡಾಕ್ಟ್ರೇ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹಿಂದಿನ ವಾರ ತೋಟಕ್ಕೆ ಕೀಟನಾಶಕ ಸಿಂಪಡಿಸಿದ್ದು ಆಗ ನೆನಪಾಗುವುದಿಲ್ಲ. ಅದನ್ನು ಏಕೆ ಹೇಳಬೇಕೆಂದು ಈ ಸಲ ತಿಳಿಯೋಣ.

ದೊಡ್ಡ ಆಪರೇಶನ್‌ನಲ್ಲಿ ನಿದ್ರೆಗೆ ಒಂದು ಮದ್ದು, ನೋವಿಗೆ ಇನ್ನೊಂದು, ಸ್ನಾಯುಗಳನ್ನು ಸಡಿಲಿಸಲು ಮತ್ತೊಂದು ಮದ್ದು ಕೊಡುತ್ತಾರೆ. ಹೊಟ್ಟೆಯ ಸ್ನಾಯು ಬಿಗಿಯಾಗಿದ್ದರೆ ಒಳಗೆ ಕೆಲಸ ಮಾಡಲು ಕಷ್ಟ. ಶ್ವಾಸನಾಳಕ್ಕೆ ಕೊಳವೆ ಇಳಿಸುವುದೂ ಕಷ್ಟ. ನರದಿಂದ ಬರುವ ಅಪ್ಪಣೆಯನ್ನು ಈ ಮೂರನೆಯ ಮದ್ದು ಸ್ನಾಯುವಿನ ಬಾಗಿಲಲ್ಲೇ ತಡೆಯುತ್ತದೆ. ಕಾಲುವೆಯಲ್ಲಿ ನೀರು ಬಂದರೂ ತೂಬು ಮುಚ್ಚಿದ್ದರೆ ಗದ್ದೆಗೆ ಇಳಿಯದಲ್ಲವೇ? ಹಾಗೆಯೇ ಇದು. ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಆದ್ದರಿಂದ ಆ ಹೊತ್ತಿನಲ್ಲಿ ಡಾಕ್ಟರರೇ ಯಂತ್ರದ ಮೂಲಕ ರೋಗಿಗೆ ಉಸಿರು ಕೊಡುತ್ತಾರೆ.

ಈ ಜ್ಞಾನ ಬಂದದ್ದು ದಕ್ಷಿಣ ಅಮೆರಿಕದ ಕಾಡಿನವರು ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ಎಂಬ ವಿಷದಿಂದ. 1814ರಲ್ಲಿ ಲಂಡನ್ನಿನಲ್ಲಿ ಒಂದು ಹೆಣ್ಣು ಕತ್ತೆಗೆ ಈ ವಿಷ ಕೊಟ್ಟರು. ಕತ್ತೆ ಸತ್ತಂತೆ ಬಿತ್ತು. ಆದರೆ ಶ್ವಾಸನಾಳಕ್ಕೆ ತಿದಿಯಿಂದ ಗಾಳಿ ಊದುತ್ತಾ ಹೋದಾಗ ವಿಷ ಇಳಿದು ಅದು ಎದ್ದು ನಿಂತಿತು, ಮುಂದೆ ಹಲವು ವರ್ಷ ಬದುಕಿತು. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಡಾ. ಹೆರಾಲ್ಡ್ ಗ್ರಿಫಿತ್ ಮತ್ತು ಡಾ. ಎನಿಡ್ ಜಾನ್ಸನ್ ಕ್ಯುರಾರೆಯನ್ನು ಶುದ್ಧಗೊಳಿಸಿದ ರೂಪದಲ್ಲಿ ಆಪರೇಶನ್‌ಗೆ ಬಳಸಿದರು.

ಈಗ ನಮ್ಮ ವಿಷಯಕ್ಕೆ ಬರೋಣ. ಇಂದು ಬಳಸುವ ಇಂತಹ ಮದ್ದುಗಳಲ್ಲಿ ಸಕ್ಸಿನೈಲ್‌ಕೋಲಿನ್ ಒಂದು. ಒಂದು ನಿಮಿಷದೊಳಗೆ ಹಿಡಿದು, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಬಿಡುತ್ತದೆ. ಇಷ್ಟು ಬೇಗ ಬಿಡಲು ಕಾರಣ ರಕ್ತದಲ್ಲಿರುವ ಒಂದು ಕಿಣ್ವ. ಅದು ಈ ಮದ್ದನ್ನು ಒಡೆದು ಹಾಕುತ್ತದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮುಂತಾದ ರಂಜಕಯುಕ್ತ ಕೀಟನಾಶಕಗಳು ಇದೇ ಕಿಣ್ವವನ್ನು ಕುಗ್ಗಿಸುತ್ತವೆ. ಅವು ಬಾಯಿಯಿಂದ ಮಾತ್ರವಲ್ಲ, ಉಸಿರಿನಿಂದಲೂ ಚರ್ಮದಿಂದಲೂ ಒಳಗೆ ಹೋಗುತ್ತವೆ. ಕಿಣ್ವ ಬಹಳ ಕುಗ್ಗಿದ್ದರೆ ನಿಮಿಷಗಳ ಕೆಲಸ ಗಂಟೆಗಳಿಗೆ ಎಳೆಯಬಹುದು. ಅಷ್ಟು ಹೊತ್ತೂ ರೋಗಿ ತಾನಾಗಿ ಉಸಿರಾಡಲಾರ. ಕಿಣ್ವ ಮತ್ತೆ ಮೊದಲಿನಂತಾಗಲು ವಾರಗಳೇ ಬೇಕು. (ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಈ ಗುಂಪಿಗೆ ಸೇರಿದ್ದಲ್ಲ.)

ಹಾಗೆಂದು ಆಪರೇಶನ್‌ಗೆ ಹೆದರಬೇಕಾಗಿಲ್ಲ. ಮೊದಲೇ ತಿಳಿದಿದ್ದರೆ ಡಾಕ್ಟರರು ಬೇರೆ ಮದ್ದನ್ನು ಆರಿಸಬಹುದು. ಆದ್ದರಿಂದ:

1. ಇತ್ತೀಚಿನ ವಾರಗಳಲ್ಲಿ ಕೀಟನಾಶಕ ಸಿಂಪಡಿಸಿದ್ದರೆ ಅದರ ಹೆಸರು ಮತ್ತು ದಿನವನ್ನು ಹೇಳಿರಿ. ಹೆಸರು ತಿಳಿಯದಿದ್ದರೆ ಡಬ್ಬದ ಮೇಲಿನ ಬರಹವನ್ನು ಚೀಟಿಯಲ್ಲಿ ಬರೆದು ಒಯ್ಯಿರಿ.

2. ಹಿಂದೆ ನಿಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಆಪರೇಶನ್ ಆದ ಮೇಲೆ ಉಸಿರು ಮರಳಲು ತಡವಾಗಿದ್ದರೆ ಅಥವಾ ಆಗಲೇ ವಿಪರೀತ ಜ್ವರ ಏರಿದ್ದರೆ ತಿಳಿಸಿರಿ. ಈ ಕಿಣ್ವದ ಕೊರತೆ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಇರುತ್ತದೆ. ಅಂತಹ ಜ್ವರಕ್ಕೂ ವಂಶದ ನಂಟಿರಬಹುದು.

3. ಕೈತಪ್ಪಿಯೋ ಮನನೊಂದೋ ಯಾರಾದರೂ ವಿಷ ಕುಡಿದಿದ್ದರೆ ಮಾನಕ್ಕಂಜಿ ಮುಚ್ಚಿಡಬೇಡಿರಿ. ಡಾಕ್ಟರರು ಕೇಳುವುದು ಜೀವ ಉಳಿಸಲಿಕ್ಕೆ, ತೀರ್ಪು ಕೊಡಲಿಕ್ಕಲ್ಲ.

4. ಸಿಂಪಡಿಸುವಾಗ ಕೈಗವಸು, ಮುಖವಾಡ, ಪೂರ್ತಿ ತೋಳಿನ ಅಂಗಿ ಇರಲಿ. ಮುಗಿದೊಡನೆ ಸೋಪು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

"ಏನೂ ತೊಂದರೆ ಇಲ್ಲ" ಎನ್ನುವ ಮೊದಲು ಒಂದು ಕ್ಷಣ ತೋಟವನ್ನು ನೆನಪಿಸಿಕೊಳ್ಳಿರಿ.