ಮುತ್ತಲ ಗಿಡದ ಕೆಂಪು ಅಂಟು

ಹೋಳಿ ಹುಣ್ಣಿವಿ ಹೊತ್ತಿಗೆ ನಮ್ಮ ಯರಗುಪ್ಪಿ ಎರಿ ಹೊಲದಾಗ ಹಸರು ಕಾಣೋದು ಕಡಿಮೆ. ಕಡಲಿ ಕಿತ್ತಾಗಿರುತ್ತದೆ, ಜೋಳ ಕಣಕ್ಕೆ ಬಂದಿರುತ್ತದೆ. ಆಗ ಒಡ್ಡಿನ ಮೇಲೆ ಎಲೆ ಉದುರಿಸಿ, ಮೈತುಂಬ ಕೇಸರಿ ಹೂ ಹೊತ್ತು ನಿಲ್ಲುವುದು ಮುತ್ತಲ ಗಿಡ. ನಮ್ಮ ಒಡ್ಡಿನಲ್ಲಿ ಏಳು ಇದ್ದವು, ಈಗ ಆರು. ಒಂದನ್ನು ಕೊಂದವನು ನಾನೇ.

ಗಿಡದ ಗುರುತು ಎಲ್ಲರಿಗೂ ಗೊತ್ತು. ಒಂದು ತೊಟ್ಟಿಗೆ ಮೂರು ಎಲೆ, ನಡುವಿನದು ದೊಡ್ಡದು. ಕಾಂಡ ಸೊಟ್ಟ. ಚಪ್ಪಟೆ ಕಾಯಿಯ ತುದಿಗೆ ಒಂದೇ ಬೀಜ, ಗಾಳಿಗೆ ಹಾರಿ ಬೀಳುತ್ತದೆ. ಅದಕ್ಕೇ ಪುಸ್ತಕದಲ್ಲಿ ಬ್ಯೂಟಿಯಾ ಮೊನೊಸ್ಪರ್ಮ, ಅಂದರೆ ಒಂಟಿ ಬೀಜದ್ದು ಎಂದು ಹೆಸರು. ತೊಗರಿ, ಕಡಲಿಯ ಕುಲದ್ದೇ. ನೀರು ನಿಲ್ಲುವ ಎರಿ, ಸವಳು ನೆಲದಲ್ಲೂ ತಾಳುತ್ತದೆ. ಕಲಘಟಗಿ ಕಡೆ ಅಡವಿಯಲ್ಲಿ ಬೇಕಾದಷ್ಟಿವೆ, ನಮ್ಮಲ್ಲಿ ಒಡ್ಡು, ಹಳ್ಳದ ದಂಡಿಗಷ್ಟೇ.

ತೊಗಟೆ ಗಾಯವಾದರೆ ರಕ್ತದಂಥ ರಸ ಒಸರಿ, ಒಣಗಿ, ಮಾಣಿಕ್ಯದ ಹರಳಿನಂತಾಗುತ್ತದೆ. ಇದನ್ನು ರಾಳ ಅನ್ನುವವರಿದ್ದಾರೆ, ಅದು ಸರಿಯಲ್ಲ. ರಾಳ ಕಾಸಿದರೆ ಕರಗುತ್ತದೆ, ನೀರಿಗೆ ಜಗ್ಗುವುದಿಲ್ಲ. ಮುತ್ತಲದ ಅಂಟು ಬೆಂಕಿಗೆ ಕರಗದೆ ಕರಿ ಆಗುತ್ತದೆ, ಬಿಸಿನೀರಿಗೆ ಹಾಕಿದರೆ ನೀರು ಕೆಂಪಾಗುತ್ತದೆ. ನಾಲಗೆಗೆ ಒಗರೋ ಒಗರು. ಚರ್ಮ ಹದ ಮಾಡುವ ಒಗರೇ ಇದರಲ್ಲಿ ತುಂಬಿದೆ. ಅಂಗಡಿಯಲ್ಲಿ ಕಮರ್‌ಕಸ್ ಎಂದು ಮಾರುತ್ತಾರೆ, ಬಾಣಂತಿಯರ ಉಂಡಿಗೆ ಬೀಳುತ್ತದೆ.

ನಿಜವಾದ ರಾಳವೂ ಈ ಗಿಡದ ಮೇಲೆ ಬೆಳೆಯುತ್ತದೆ, ಆದರೆ ಅದನ್ನು ಗಿಡ ಮಾಡುವುದಿಲ್ಲ, ಹುಳ ಮಾಡುತ್ತದೆ. ಅದೇ ಅರಗು. ಅರಗಿನ ಹುಳ ಎಳೆ ಟೊಂಗಿಯ ರಸ ಹೀರಿ ಮೈಸುತ್ತ ಗೂಡು ಕಟ್ಟುತ್ತದೆ. ಮುತ್ತಲ, ಬಾರಿ ಎರಡೂ ಅದಕ್ಕೆ ಆಗಿಬರುತ್ತವೆ. ಜಾರ್ಖಂಡದಲ್ಲಿ ಇದು ರೈತರ ಬೆಳೆಯೇ ಆಗಿದೆ, ರಾಂಚಿ ಹತ್ತಿರ 1924ರಲ್ಲೇ ಅರಗಿನ ಸಂಶೋಧನಾ ಸಂಸ್ಥೆ ಹುಟ್ಟಿತು. ನಾನು ಬೆಳೆದು ನೋಡಿಲ್ಲ.

ಇನ್ನು ನನ್ನ ತಪ್ಪು. ನಮ್ಮಪ್ಪ ಮಳೆ ಇಲ್ಲದ ದಿನ ಕುಡಗೋಲಿನಿಂದ ಗಿಡದ ಒಂದೇ ಮಗ್ಗಲಿಗೆ ಮೂರ್ನಾಲ್ಕು ಸಣ್ಣ ಕಚ್ಚು ಹಾಕುತ್ತಿದ್ದ. ಮರುವರ್ಷ ಆ ಗಿಡ ಮುಟ್ಟುತ್ತಿರಲಿಲ್ಲ. ಹುಬ್ಬಳ್ಳಿಯ ಅಂಗಡಿಯವನೊಬ್ಬ ‘ಎಷ್ಟಿದ್ದರೂ ತಗೊಂಬರ್ರಿ’ ಅಂದದ್ದೇ ತಡ, ನಾನು ಕೊಡ್ಲಿ ತಗೊಂಡು ಸುತ್ತಲೂ ಕಡಿದೆ. ಅಂಟು ಬಂತು, ಒಂದು ಡಬ್ಬಿ ತುಂಬಿತು. ಮುಂದಿನ ಬ್ಯಾಸಿಗಿಗೆ ಗಿಡ ಚಿಗುರಲಿಲ್ಲ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರಿನಲ್ಲಿ. ಸುತ್ತುವರಿದು ಕಡಿದರೆ ಬೇರು ಉಪವಾಸ ಬಿದ್ದು ಸಾಯುತ್ತದೆ. ಇದನ್ನು ಓದಿ ತಿಳಿದದ್ದು ಆಮೇಲೆ. ಅಂಟು ತೆಗೆಯುವವರು ಕಟ್ಟಿಗೆ ತನಕ ಪೆಟ್ಟು ಹೋಗದಂತೆ, ಕಾಲುಭಾಗ ಸುತ್ತಳತೆ ಮೀರದಂತೆ ನೋಡಿಕೊಳ್ಳಿರಿ. ತೋಳಿನಷ್ಟು ದಪ್ಪದ ಗಿಡಕ್ಕಂತೂ ಕೈ ಹಚ್ಚಬೇಡಿರಿ.

ಅಂಟಿಗಿಂತ ಎಲೆಯೇ ನಮಗೆ ಹೆಚ್ಚು ಆದಾಯ ಕೊಟ್ಟಿದೆ. ನಮ್ಮವ್ವ ಪತ್ರೋಳಿ ಹಚ್ಚಿ ಮದುವಿ ಮನೆಗಳಿಗೆ ಕೊಡುತ್ತಿದ್ದಳು. ಹೂ ಕುದಿಸಿದರೆ ಓಕಳಿಗೆ ಬಣ್ಣ. ಬೀಜ ಜಂತಿನ ಔಷಧ ಅನ್ನುತ್ತಾರೆ, ತಿಳಿಯದೆ ಮಕ್ಕಳಿಗೆ ಕೊಡಬಾರದು, ವಾಂತಿ ಆಗುತ್ತದೆ. ಬೇರಿನಿಂದ ಮತ್ತೆ ಮತ್ತೆ ಚಿಗುರಿ ಕುಂಟಿಗೆ ಅಡ್ಡ ಬರುವುದು ಇದರ ದೊಡ್ಡ ಕಾಟ, ಅದಕ್ಕೇ ಬಹಳ ಮಂದಿ ಕಿತ್ತು ಒಗೆದರು.

ಸತ್ತ ಗಿಡದ ಬದಿಗೆ ಈಗ ಬೇರಿನಿಂದಲೇ ಎರಡು ಚಿಗುರು ಎದ್ದಿವೆ. ಎಮ್ಮಿ ಬಾಯಿ ಹಾಕದಂತೆ ಜಾಲಿ ಮುಳ್ಳು ಹಚ್ಚಿದ್ದೇನೆ.